ಹಗ್ಗ ಹೆಚ್ಚಾದ ದಿನ

ಹಿರೇಕೆರೂರ ಕಡೆಯ ನನ್ನ ತವರಿನಲ್ಲಿ ಬಳೆ ಒಡೆದರೆ ‘ಬಳಿ ಹೆಚ್ಚಾತು’ ಅನ್ನುತ್ತಿದ್ದರು. ಒಡೆಯಿತು ಅನ್ನುವುದು ಮುತ್ತೈದೆಯ ಬಾಯಲ್ಲಿ ಬರಬಾರದ ಮಾತು. ಇದು ಎಲ್ಲರ ಮನೆಯ ರೂಢಿ, ಹೊಸದೇನಲ್ಲ. ಆದರೆ ಶಿಗ್ಗಾವಿಗೆ ಸೊಸೆಯಾಗಿ ಬಂದು ನೋಡಿದರೆ, ನಮ್ಮ ಅತ್ತೆಗೆ ಜಗತ್ತಿನಲ್ಲಿ ಎಲ್ಲವೂ ಹೆಚ್ಚಾಗುತ್ತಿತ್ತು. ಅಕ್ಕಿ ಮುಗಿದರೂ ಹೆಚ್ಚಾತು, ಗಡಿಗೆ ಬಿರಿದರೂ ಹೆಚ್ಚಾತು, ಸೀರೆ ಹರಿದರೂ ಹೆಚ್ಚಾತು. ನಿಜವಾಗಿ ಹೆಚ್ಚಾದದ್ದಕ್ಕೂ ಅದೇ ಮಾತು.

ಬಂದ ಹೊಸದರಲ್ಲಿ ಒಂದು ದಿನ ‘ಬ್ಯಾಳಿ ಹೆಚ್ಚಾಗೇತಿ’ ಅಂದರು. ಮಗ್ಗುಲ ಮನೆಯವಳು ಬೇಳೆ ಕೈಗಡ ಕೇಳಲು ಬಂದಾಗ, ಬೇಕಾದಷ್ಟು ಇದೆ ಒಯ್ಯಿರಿ ಎಂದು ದೊಡ್ಡಸ್ತಿಕೆಯಿಂದ ಡಬ್ಬಿ ತೆಗೆದೆ, ತಳ ಕಂಡಿತು. ಇದರಿಂದ ಪಾಠ ಕಲಿತೆ ಅಂದುಕೊಂಡರೆ, ಮರುವಾರ ಸಾರಿನ ರುಚಿ ನೋಡಿ ‘ಉಪ್ಪು ಹೆಚ್ಚಾಗೇತಿ’ ಅಂದರು. ನಾನು ಓಡಿಹೋಗಿ ಇನ್ನೊಂದು ಹಿಡಿ ತಂದು ಸುರಿದೆ. ಅವತ್ತು ಮಾವ ಊಟ ಬಿಟ್ಟು ಎದ್ದರು. ಗಂಡನನ್ನು ಕೇಳಿದರೆ, ಅವ್ವನ ಮುಖ ನೋಡಿ ತಿಳಿದುಕೋ ಎಂದು ನಕ್ಕರು. ಮುಖವೂ ಎರಡಕ್ಕೂ ಒಂದೇ ಇರುತ್ತಿತ್ತು. ಇದ್ದದ್ದು ಇದೆ, ಇಲ್ಲದ್ದು ಇಲ್ಲ ಅನ್ನಲು ಇವರಿಗೇನು ಧಾಡಿ ಎಂದು ನನಗೆ ಒಳಗೊಳಗೇ ಸಿಟ್ಟು ಬರುತ್ತಿತ್ತು.

ಯುದ್ಧದ ಕಾಲ ಅದು. ಅತ್ತೆ ಹುಲಗೂರಿನ ಉರುಸಿಗೆ ಹೋಗಿ, ದರ್ಗಾದ ಮುಲ್ಲಾನಿಂದ ಮಂತ್ರ ಹೇಳಿಸಿ ಸಕ್ಕರೆ ಓದಿಸುವ ಹರಕೆ ಹೊತ್ತಿದ್ದರು. ಚಕ್ಕಡಿ ಕಟ್ಟಿಸಿಕೊಂಡು ಅತ್ತೆ, ನಾನು, ನನ್ನ ಸಣ್ಣ ನಾದಿನಿ ಹೊರಟೆವು. ನಾನಾಗ ಚೊಚ್ಚಲ ಬಸುರಿ. ನಾದಿನಿ ಎಂಟೊಂಬತ್ತರ ಹುಡುಗಿ, ಅತ್ತೆಯ ಕಡೆಯ ಕೂಸು, ಅವರ ಜೀವವೆಲ್ಲ ಅವಳ ಮೇಲೇ ಇತ್ತು.

ಸಕ್ಕರೆ ಓದಿಸಿ ಹೊರಗೆ ಬಂದರೆ ದರ್ಗಾದ ಆಚೆ ಬಯಲಿನಲ್ಲಿ ತಿರುಗುವ ತೊಟ್ಟಿಲು ನಿಂತಿತ್ತು. ಎರಡು ಕಂಬಗಳ ನಡುವೆ ದೊಡ್ಡ ಮರದ ಚಕ್ರ, ಅದಕ್ಕೆ ನೇತುಬಿಟ್ಟ ನಾಲ್ಕು ತೊಟ್ಟಿಲು, ಒಂದೊಂದು ತೊಟ್ಟಿಲಿನ ನಾಲ್ಕೂ ಮೂಲೆಗೆ ಹಗ್ಗ. ಮೀರಜ ಕಡೆಯಿಂದ ಬಂದ ಯಜಮಾನ ಅದನ್ನು ಕೈಯಿಂದ ನೂಕಿ ತಿರುಗಿಸುತ್ತಿದ್ದ. ಒಂದಕ್ಕೆ ಸಿಂಹದ ಮುಖ, ಒಂದಕ್ಕೆ ನವಿಲು, ಒಂದಕ್ಕೆ ಹಂಸ. ನಾಲ್ಕನೆಯದನ್ನು ಆ ವರ್ಷ ವಿಮಾನ ಮಾಡಿದ್ದ. ಚಿಮಣಿ ಎಣ್ಣೆಯ ಡಬ್ಬಿ ಸೀಳಿ ಎರಡು ಕಡೆ ತಗಡಿನ ರೆಕ್ಕೆ ಬಡಿದು ಬೆಳ್ಳಿ ಬಣ್ಣ ಬಳಿದಿದ್ದ. ವಿಮಾನ ಕಾಣದವರೂ ವಿಮಾನದ ಮಾತೇ ಆಡುತ್ತಿದ್ದ ದಿನಗಳು. ಸಿಂಹ ಖಾಲಿ ತಿರುಗುತ್ತಿತ್ತು, ವಿಮಾನಕ್ಕೆ ಮಾತ್ರ ನೂಕಾಟ.

ಯಜಮಾನ ಬೇಜವಾಬ್ದಾರಿ ಮನುಷ್ಯನೇನಲ್ಲ. ಪ್ರತಿ ಸಲ ಜನ ಇಳಿದ ಮೇಲೆ ಒಂದೊಂದೇ ಹಗ್ಗ ಜಗ್ಗಿ, ಗಂಟು ಮುಟ್ಟಿ ನೋಡಿಯೇ ಮುಂದಿನವರನ್ನು ಹತ್ತಿಸುತ್ತಿದ್ದ. ವಿಮಾನದ ಹತ್ತಿರ ಮಾತ್ರ ರೆಕ್ಕೆ ಅಡ್ಡ ಬಂದು ಕೈ ಒಳಗೆ ಹೋಗುತ್ತಿರಲಿಲ್ಲ. ಆಗ ರೆಕ್ಕೆಯನ್ನೇ ಎರಡು ಸಲ ಬಡಿದು ‘ಪಕ್ಕಾ ಅದ’ ಅನ್ನುತ್ತಿದ್ದ.

ನಾದಿನಿ ವಿಮಾನವೇ ಬೇಕೆಂದು ಹಟ ಹಿಡಿದಳು. ಒಬ್ಬಳನ್ನೇ ಕಳಿಸಲು ಅತ್ತೆಗೆ ಮನಸ್ಸಿಲ್ಲ. ಬಸುರಿಗೆ ಎತ್ತರ ಬೇಡವೆಂದು ನನ್ನನ್ನು ಕೆಳಗೆ ನಿಲ್ಲಿಸಿ, ಸೆರಗು ಬಿಗಿದು ತಾವೇ ಮಗಳ ಜೊತೆ ಕೂತರು.

ಚಕ್ರ ತಿರುಗಿತು. ಇಳಿಬಿಸಿಲು ನೇರ ಕಣ್ಣಿಗೆ ಹೊಡೆಯುತ್ತಿತ್ತು, ತಗಡು ಥಳಥಳ ಹೊಳೆಯುತ್ತಿತ್ತೇ ಹೊರತು ಅದರ ಹಿಂದೆ ಏನೂ ಕಾಣುತ್ತಿರಲಿಲ್ಲ. ವಿಮಾನ ಮೇಲಕ್ಕೆ ಹೋದಾಗ ಅತ್ತೆಯ ದನಿ ಕೇಳಿತು.

“ಹಗ್ಗ ಹೆಚ್ಚಾತ್ರೀ!”

ಯಜಮಾನ ತಲೆ ಎತ್ತಿ ನಕ್ಕ. ಹೆಚ್ಚಾದರೆ ಚಲೋ ಆಯಿತಲ್ಲ ಬಾಯಾರ, ಕಡಿಮೆ ಆಗಬಾರದು ನೋಡಿರಿ ಅಂದ. ಸುತ್ತ ನಿಂತವರೂ ನಕ್ಕರು. ಅವನು ಇನ್ನೊಂದು ಸುತ್ತಿಗೆ ನೂಕಲು ಬಗ್ಗಿದ.

ನನ್ನ ತಲೆಯೊಳಗೆ ಬೇಳೆ, ಉಪ್ಪು ಎಲ್ಲ ಕಲಸಿಹೋಯಿತು. ಹಗ್ಗ ಉದ್ದವಾಗಿ ಜೋತಾಡುತ್ತಿದೆ ಅಂದರೋ, ತಿರುಗಿಸಿದ್ದು ಹೆಚ್ಚಾಯಿತು ಅಂದರೋ, ಇಲ್ಲಾ ಹಗ್ಗವೇ ಹರಿಯಿತೋ? ಹರಿದಿದೆ ಎಂದು ನಾನು ಕೂಗಿ, ಅದು ಸುಳ್ಳಾದರೆ? ಕೂಗಿದ್ದರಿಂದಲೇ ನಿಜವಾದರೆ? ಮೇಲೆ ಮಗಳನ್ನು ತಬ್ಬಿ ಕೂತಿರುವಾಗ ಕೆಳಗಿನಿಂದ ಸೊಸೆ ಆ ಅಪಶಬ್ದ ನುಡಿದಳು ಎಂದರೆ ನನಗೆ ಆ ಮನೆಯಲ್ಲಿ ಮತ್ತೆ ಬಾಳುವೆ ಉಂಟೇ? ಮತ್ತೆ ಮೇಲಿನಿಂದ ಅದೇ ಕೂಗು ಬಂತು, ಹೆಚ್ಚಾತು, ಹೆಚ್ಚಾತು. ಮುಖ ಕಾಣದಿದ್ದರೂ ಆ ದನಿ ಉಪ್ಪಿನದಲ್ಲ, ಬೇಳೆಯದು ಅನ್ನಿಸಿತು.

“ಹಗ್ಗ ಹರದೇತಿ, ನಿಲ್ಲಸ್ರಿ!” ಅಂದೆ. ಅಷ್ಟು ಗಟ್ಟಿಯಾದ ದನಿ ನನಗಿದೆಯೆಂದು ನನಗೇ ಗೊತ್ತಿರಲಿಲ್ಲ.

ಯಜಮಾನ ಚಕ್ರಕ್ಕೆ ಹೆಗಲು ಕೊಟ್ಟ. ನಕ್ಕವರೇ ಓಡಿಬಂದು ಹಿಡಿದರು. ವಿಮಾನವನ್ನು ಒಂದೊಂದೇ ಮೊಳ ಕೆಳಗೆ ತಂದು ನೋಡಿದರೆ, ರೆಕ್ಕೆಯ ತಗಡಿನ ಅಂಚು ಒಂದು ಮೂಲೆಯ ಹಗ್ಗವನ್ನು ಪೂರ್ತಿ ಕೊಯ್ದಿತ್ತು. ಪಕ್ಕದ ಹಗ್ಗ ಒಂದೆರಡು ಎಳೆಗಳ ಮೇಲೆ ನಿಂತಿತ್ತು. ಯಜಮಾನ ರೆಕ್ಕೆಯನ್ನು ಬರಿಗೈಯಲ್ಲಿ ಕಿತ್ತು ಬಿಸಾಕಿ, ನೆಲದ ಮೇಲೆ ಕುಕ್ಕರಿಸಿದ.

ಅತ್ತೆ ನನ್ನ ಕಡೆ ತಿರುಗಿ ನೋಡಲಿಲ್ಲ. ಮಗಳನ್ನು ಎಳೆದುಕೊಂಡು ಹೋಗಿ ಚಕ್ಕಡಿ ಹತ್ತಿದರು. ನಾನು ತಪ್ಪು ಮಾಡಿದೆನೋ, ಒಳ್ಳೆಯದು ಮಾಡಿದೆನೋ ತಿಳಿಯದೆ ಹಿಂದೆ ಹತ್ತಿದೆ. ಊರು ದಾಟಿದ ಮೇಲೆ, ನಾದಿನಿ ಅವರ ತೊಡೆಯ ಮೇಲೆ ನಿದ್ದೆ ಹೋದಾಗ, ಅತ್ತೆ ಎತ್ತುಗಳ ಕಡೆ ನೋಡುತ್ತಾ ಬಾಯಿ ಬಿಟ್ಟರು.

“ಈಕಿಗಿಂತ ಮೊದಲ ನನಗ ಇನ್ನೊಬ್ಬ ಮಗ ಇದ್ದ. ಒಂದಿನ ಮುಂಜಾನೆ ಹಸದು ಅಳಾಕತ್ತಿದ್ದ. ಹಾಲು ತೀರೇತಿ, ಎಲ್ಲಿಂದ ತರಲಿ ಅಂದೆ. ಸಂಜಿಗೆ ಅವನೇ ತೀರಿಕೊಂಡ.”

ಆ ಮಗನ ಸುದ್ದಿಯನ್ನು ಮನೆಯಲ್ಲಿ ಯಾರೂ ನನಗೆ ಹೇಳಿರಲಿಲ್ಲ.

“ಅವತ್ತ ನಾ ನೆಟ್ಟಗ ಅಂದೆ, ಮಗ ಹೋದ. ಇವತ್ತ ನೀ ನೆಟ್ಟಗ ಅಂದಿ, ಮಗಳು ಉಳಿದ್ಲು. ಯಾವುದು ಖರೆ, ನೀನ ಹೇಳು ತಂಗಿ.”

ನಾನು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡೆ. ಅತ್ತೆ ತಮ್ಮ ಕೈಯನ್ನು ನನ್ನ ಕೈಯ ಮೇಲೆ ಇಟ್ಟರು. ಹಸಿಹಸಿಯಾಗಿ ತಾಗಿತು. ಮಗುಚಿ ನೋಡಿದರೆ ಅಂಗೈಯ ತೊಗಲು ಉದ್ದಕ್ಕೂ ಸುಲಿದಿತ್ತು. ಹರಿದ ಹಗ್ಗದ ತುದಿಯನ್ನು ಅವರು ಕೆಳಗಿಳಿಯುವವರೆಗೂ ಬಿಟ್ಟಿರಲಿಲ್ಲ.