ಅಡ್ರಿನಾಲಿನ್ ಮೇಷ್ಟ್ರು

ಔಷಧಶಾಸ್ತ್ರದ ಮೇಷ್ಟ್ರಿಗೆ ವಿದ್ಯಾರ್ಥಿಗಳು ಇಟ್ಟ ಹೆಸರು ಅಡ್ರಿನಾಲಿನ್ ಮೇಷ್ಟ್ರು. ಅದು ಕಿವಿಗೆ ಬಿದ್ದ ದಿನ ಅವರು ಒಳಗೊಳಗೇ ಹಿಗ್ಗಿದ್ದರು. ಅವರ ಪ್ರಕಾರ ಲೋಕದಲ್ಲಿ ಯಾರಿಗೂ ಸಿಟ್ಟು ಬರುವುದಿಲ್ಲ, ರಕ್ತಕ್ಕೆ ಅಡ್ರಿನಾಲಿನ್ ಎಂಬ ಹಾರ್ಮೋನು ಬರುತ್ತದೆ ಅಷ್ಟೆ. ಹೆಂಡತಿ ಸೌಟು ಕುಕ್ಕಿದರೆ, "ನಿಂದೇನೂ ತಪ್ಪಿಲ್ಲ ಕಣೇ, ಹಾರ್ಮೋನು ಹೋಗಿ ಜೀವಕೋಶದ ರಿಸೆಪ್ಟರ್ ಅನ್ನೋ ಕುರ್ಚಿ ಮೇಲೆ ಕೂತಿದೆ, ತಾನಾಗೇ ಎದ್ದು ಹೋಗುತ್ತೆ" ಎಂದು ಸಮಾಧಾನ ಹೇಳುತ್ತಾರೆ. "ಅದು ಏಳೋ ತನಕ ನೀವೂ ಹೊರಗೇ ಕೂತಿರಿ" ಎಂದು ಆಕೆ ಬಾಗಿಲು ಹಾಕಿಕೊಳ್ಳುತ್ತಾರೆ. ಬಸ್ಸಿನಲ್ಲಿ ಜಗಳವಾದರೆ ಬಿಡಿಸುವುದು ಬಿಟ್ಟು, ಜಗಳವಾಡುವವರ ಕಣ್ಣಪಾಪೆ ಹಾರ್ಮೋನಿಗೆ ಅಗಲವಾಗಿದೆಯೇ ಎಂದು ಬಗ್ಗಿ ನೋಡಿ ಇಬ್ಬರಿಂದಲೂ ಬೈಸಿಕೊಳ್ಳುತ್ತಾರೆ. ಇಂಥವರ ಮುಂದೆ ಮೌಖಿಕ ಪರೀಕ್ಷೆಗೆ ಕೂತ ಹುಡುಗಿಯೊಬ್ಬಳಿಗೆ ಒಮ್ಮೆ ಬಾಯಿ ಒಣಗಿ ಒಂದಕ್ಷರವೂ ಹೊರಡಲಿಲ್ಲ. ನಡುಗುವ ಕೈಗಳನ್ನು ಅವಳು ಮೇಜಿನ ಕೆಳಗೆ ಬಚ್ಚಿಟ್ಟುಕೊಂಡಳು. ಮೇಷ್ಟ್ರು ಪ್ರಶ್ನೆಯ ಚೀಟಿ ಬದಿಗಿಟ್ಟು ತಮ್ಮ ಕೈಯನ್ನು ಅವಳ ಮುಂದೆ ಚಾಚಿದರು. ಅದೂ ನಡುಗುತ್ತಿತ್ತು. "ಈ ಕೊಠಡಿಗೆ ಕಾಲಿಟ್ಟರೆ ನನಗೆ ಇವತ್ತಿಗೂ ಹೀಗೇ ಕಣಮ್ಮ, ಇಪ್ಪತ್ತೆಂಟು ವರ್ಷ ಆಯ್ತು. ಈಗ ಹೇಳು, ನನ್ನ ಕೈಗೆ ಏನಾಗಿದೆ?" ಹುಡುಗಿ ಆ ಕೈಯನ್ನೇ ನೋಡುತ್ತಾ ಉಸಿರೆಳೆದುಕೊಂಡಳು. "ಅಡ್ರಿನಾಲಿನ್ ಸರ್, ಸ್ನಾಯುವಿನ ಬೀಟಾ ರಿಸೆಪ್ಟರ್‌ಗೆ ಅಂಟ್ಕೊಂಡಿದೆ." ಮೇಷ್ಟ್ರು ಪೂರ್ತಿ ಅಂಕ ಬರೆದರು, ಅಂಕಿ ಸೊಟ್ಟಗೆ ಬಂತು.