ಅಜ್ಜಿಯ ಮಹರಿನ ದಾವೆ

ಮಾಮ ದುಬೈಯ ನೈಫ್‌ನ ನಮ್ಮ ಫ್ಲಾಟಿಗೆ ಬರುತ್ತಿದ್ದುದು ಈದ್‌ಗೆ ಮಾತ್ರ. ಆ ವರ್ಷ ಮತ್ತೆ ಮತ್ತೆ ಬಂದರು, ಕೈಯಲ್ಲಿ ಹಲ್ವಾ ಡಬ್ಬಿ ಬೇರೆ. ಆಗಲೇ ನನಗೆ ಅನುಮಾನ. ಭಟ್ಕಳದ ಮನೆ ಮಾರಲು ತಕರಾರಿಲ್ಲವೆಂದು ಅವರಿಗೆ ಅಮ್ಮನ ಸಹಿ ಬೇಕಿತ್ತು. ಅವರು ಅಮ್ಮನ ಅಜ್ಜನ ಮೊದಲ ಹೆಂಡತಿಯ ಮೊಮ್ಮಗ. ಅಮ್ಮ ಎರಡನೆಯವಳ ಮಗಳ ಮಗಳು.

"ಅದು ನನ್ನಜ್ಜಿ ಮನೆ" ಎಂದಳು ಅಮ್ಮ. "ನಿಕಾಹ್‌ದಲ್ಲಿ ಗಂಡ ಕೊಡಬೇಕಾದ ಮಹರಿಗೆ ಬಂದದ್ದು. ಬ್ರಿಟಿಷರ ಕೋರ್ಟಿಗೆ ಹೋಗಿ ಗೆದ್ದಿದ್ರು ಅವರು."

"ಅಜ್ಜಿ ಕತೆ ಬಿಡಿ ಅಕ್ಕಾ. ಕಾಗದ ಉಂಟಾ?" ಎಂದು ಮಾಮ ನಕ್ಕರು. ಆ ನಗು ನೆನೆದರೆ ಈಗಲೂ ಮೈ ಉರಿಯುತ್ತದೆ.

ಕಾಗದ ಎಲ್ಲಿಂದ ಬರಬೇಕು? ನಮ್ಮಲ್ಲಿ ಮದುವೆಯಾದ ಹೆಣ್ಣು ತವರಲ್ಲೇ ಉಳಿಯುತ್ತಾಳೆ, ಗಂಡನೇ ಅಲ್ಲಿಗೆ ಬರುತ್ತಾನೆ. ಅಜ್ಜಿ, ಮಗಳು, ಮೊಮ್ಮಗಳು ಒಂದೇ ಒಲೆಯಲ್ಲಿ ಬೇಯಿಸಿಕೊಂಡು ಬಂದ ಮನೆ ಯಾರದೆಂದು ಯಾರೂ ಕೇಳಿರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಅಮ್ಮ ನಮ್ಮ ಜೊತೆ ಇದ್ದಳು ನಿಜ, ಆದರೆ ಅಳಿಯನ ವೀಸಾದ ಮೇಲಿನ ಬದುಕು ಅವಳಿಗೆ ಒಗ್ಗಲಿಲ್ಲ. "ನನ್ನ ಮನೆಗೆ ಕಳಿಸು" ಎನ್ನುವುದೊಂದೇ ಜಪ.

ಅಪ್ಪ ತೀರಿಕೊಂಡ ದಿನ ಜನಾಜಾ ಏಳುವ ಮೊದಲು ಹೆಂಗಸರು ಅಮ್ಮನನ್ನು ಸುತ್ತುವರಿದು, "ಮಹರ್ ಮಾಫ್ ಮಾಡಿದೆ ಅನ್ನು, ಅವರ ತಲೆ ಮೇಲೆ ಸಾಲ ಬೇಡ" ಎಂದಿದ್ದರು. ಅಮ್ಮ ದುಪಟ್ಟಾದೊಳಗಿನಿಂದ ಏನೋ ಅಂದಳು. "ಜೋರಾಗಿ ಅನ್ನು" ಎಂದರು. ಇನ್ನೊಮ್ಮೆ ಅಂದಳು. ಎಲ್ಲ ಮುಗಿದ ಮೇಲೆ ನನಗೆ ಹೇಳಿದ್ದು ಇಷ್ಟು: "ನನ್ನಜ್ಜಿ ಅನ್ನಲಿಲ್ಲ ನೋಡು. ನನಗೆ ಅವರ ಎದೆಗಾರಿಕೆ ಬರಲಿಲ್ಲ."

ಊರಿನ ವಕೀಲರಿಗೆ ಫೋನು ಮಾಡಿದೆ. ಮೊದಲು ನಿಕಾಹ್ ದಫ್ತರದ ನಕಲು ಬಂತು. ಅಮ್ಮನ ಅಜ್ಜಿಯ ಹೆಸರು, ಅವರ ತಂದೆ, ತಂದೆಯ ತಂದೆ, ಗೊತ್ತುಮಾಡಿದ ಮಹರ್. ಅಮ್ಮ ಆ ಹೆಸರುಗಳನ್ನು ಅಡುಗೆಮನೆಯಲ್ಲಿ ಗುನುಗುತ್ತ ಓಡಾಡಿದಳು. ಕೋರ್ಟಿನ ಕಡತಕ್ಕೆ ತಿಂಗಳುಗಟ್ಟಲೆ ಕಾದೆವು. ಕೊನೆಗೆ ರಜೆಯಿಂದ ಮರಳಿದವರೊಬ್ಬರು ಉಪ್ಪಿನಕಾಯಿ ಡಬ್ಬಿಯ ಜೊತೆ ಅದನ್ನೂ ತಂದುಕೊಟ್ಟರು.

ಅಮ್ಮನಿಗೆ ಕನ್ನಡ ಓದಲು ಬಾರದು. ನಾನು ಓದಿದೆ. ಮಲಮಗನ, ಅಂದರೆ ಮಾಮನ ಅಪ್ಪನ, ಮೇಲೆ ದಾವೆ. ಮಹರಿನ ಬಾಬ್ತು ಮನೆ ಬಿಟ್ಟುಕೊಡಬೇಕೆಂದು ಕೇಳಿಕೆ. ಅಜ್ಜಿ ಪರದೆಯ ಹಿಂದೆ ಕೂತು ಕೊಟ್ಟ ಹೇಳಿಕೆ: "ನಾನು ಮಾಫ್ ಮಾಡಿಲ್ಲ, ಮಾಡುವುದೂ ಇಲ್ಲ."

"ಶಾಬಾಶ್!" ಅಮ್ಮ ತೊಡೆ ತಟ್ಟಿದಳು. "ಅವನಿಗೆ ಈಗಲೇ ಫೋನು ಮಾಡು. ಕಾಗದ ಬಂತು ಅನ್ನು!"

ಪುಟ ಮಗುಚಿದೆ. ಕೊನೆಯದು ರಾಜಿಪತ್ರ. ಒಳಗೊಳಗೇ ಓದಿ ಕಡತ ಮುಚ್ಚಿದೆ.

"ಓದು."

"ಇನ್ನೇನಿಲ್ಲ ಅಮ್ಮಾ."

"ಓದು ಅಂದ್ನಲ್ಲ."

ಓದಿದೆ. ಹಿರಿಯರ ಮಾತಿಗೆ ಒಪ್ಪಿ, ಗಂಡನ ಆತ್ಮದ ನೆಮ್ಮದಿಗಾಗಿ, ಮಹರ್ ಪೂರ್ತಿ ಮಾಫ್. ಮನೆ ಮಲಮಗನದು. ತಾನು ಮತ್ತು ಮಗಳು ಬದುಕಿರುವ ತನಕ ವಾಸಕ್ಕೆ ಮಾತ್ರ, ಮೊಮ್ಮಕ್ಕಳಿಗೆ ಹಕ್ಕಿಲ್ಲ. ಕೆಳಗೆ ಗಂಡಸರ ಸಹಿಗಳ ಸಾಲು, ಮೂಲೆಯಲ್ಲಿ ಅಜ್ಜಿಯ ಹೆಬ್ಬೆಟ್ಟು.

ಅಮ್ಮ ಆ ಕಪ್ಪು ಗುರುತಿನ ಮೇಲೆ ಬೆರಳಿಟ್ಟಳು. "ಅವರ ಬಾಯಲ್ಲೂ ಹೇಳಿಸಿದ್ರಾ?" ಎಂದಳು.

ನಾನು ಕೂಗಾಡಿದೆ. ಸತ್ತ ಹಿರಿಯರನ್ನೆಲ್ಲ ಹೆಸರು ಹಿಡಿದು ಬೈದೆ. ಸಹಿ ಹಾಕಬೇಡ, ಬೇರೆ ವಕೀಲರನ್ನು ಹಿಡಿಯೋಣ ಎಂದೆ. ಅವಳು ಕಾಗದ ಮಡಿಸುತ್ತ, "ಖಲಾಸ್. ಅವನಿಗೆ ಬರ್ಲಿಕ್ಕೆ ಹೇಳು" ಎಂದಳು. ಮನೆಗೆ ಕಳಿಸು ಎಂಬ ಮಾತು ಆಮೇಲೆ ಅವಳ ಬಾಯಲ್ಲಿ ಬರಲೇ ಇಲ್ಲ.

ಕಾನ್ಸುಲೇಟಿನ ಕೌಂಟರಿನಲ್ಲಿ ಮಾಮ ಮುಂದೆ, ನಾವು ಹಿಂದೆ. ಗುಮಾಸ್ತ ಮನೆ ಮಾರಾಟದ ಒಪ್ಪಿಗೆಪತ್ರ ನೋಡಿ, ಸ್ವಂತ ಇಷ್ಟದಿಂದ ಸಹಿ ಮಾಡುತ್ತಿದ್ದೀರಾ ಎಂದು ಕೇಳಿದ. ಅಮ್ಮ ದುಪಟ್ಟಾದೊಳಗಿನಿಂದ ಏನೋ ಅಂದಳು.

"ಸ್ವಲ್ಪ ಜೋರಾಗಿ ಹೇಳಿ" ಎಂದ.

ಇನ್ನೊಮ್ಮೆ ಅಂದಳು.