ಥಿನ್ನರ್ ಹೋದ ದಾರಿ

ಆ ಮುದ್ರಣಾಲಯದಲ್ಲಿ ಬಣ್ಣ ಬದಲಾದಾಗಲೆಲ್ಲ ಯಂತ್ರದ ರೋಲರುಗಳನ್ನು ತೊಳೆಯುವ ಕೆಲಸ ಇಪ್ಪತ್ತೆರಡು ವರ್ಷದಿಂದ ಅವಳದೇ. ಔಷಧದ ಪೆಟ್ಟಿಗೆ, ಸೋಪಿನ ಪೊಟ್ಟಣಗಳನ್ನು ಅಚ್ಚು ಹಾಕುವ ಉದ್ದನೆಯ ಶೆಡ್ಡು ಅದು. ನೀಲಿ ಮುಗಿದು ಹಳದಿ ಬರಬೇಕೆಂದರೆ ನಡುವೆ ಅವಳು ಬರಬೇಕು. ಅಗಲ ಬಾಯಿಯ ತಟ್ಟೆಗೆ ಬಣ್ಣ ಕರಗಿಸುವ ಥಿನ್ನರ್ ಸುರಿದು, ಬಟ್ಟೆ ಅದ್ದಿ ಹಿಂಡಿ, ರೋಲರು ಫಳಫಳ ಅನ್ನುವವರೆಗೆ ಒರೆಸುವಳು. "ಇವಳು ತೊಳೆದ ರೋಲರಲ್ಲಿ ಮುಖ ನೋಡ್ಕೊಂಡು ಮೀಸೆ ಕತ್ತರಿಸ್ಕೋಬಹುದು" ಎಂದು ಯಂತ್ರ ನಡೆಸುವ ಮೇಸ್ತ್ರಿ ಹೇಳುತ್ತಿದ್ದ. ಹೊಗಳಿಕೆಯಲ್ಲಿ ಮಹಾ ಜಿಪುಣನಾದ ಅವನ ಬಾಯಲ್ಲಿ ಅದು ದೊಡ್ಡ ಮಾತೇ.

ಹೊಸಬರಿಗೆ ಆ ಶೆಡ್ಡಿನ ವಾಸನೆಗೆ ತಲೆ ತಿರುಗುತ್ತಿತ್ತು. ಅವಳ ಮೂಗಿಗೆ ಅದು ಗೊತ್ತಾಗುವುದೇ ನಿಂತು ಯಾವ ಕಾಲವಾಗಿತ್ತೋ. ಸಂಜೆ ಮನೆ ಸೇರಿದರೆ ಗಂಡ ಮಾತ್ರ, "ಬಂದ್ಯಾ? ನಿನ್ನ ವಾಸನೆ ಬಂದು ಐದು ನಿಮಿಷ ಆಯ್ತು" ಅನ್ನುವನು.

ಅವಳಿಗೊಬ್ಬಳು ಅಕ್ಕ, ಆರು ವರ್ಷಕ್ಕೆ ದೊಡ್ಡವಳು, ಅಂಚೆ ಹಂಚುವವಳು. ಊರಾಚೆ ಗುಡ್ಡದ ಬಡಾವಣೆ ಅವಳ ಪಾಲಿನದು. ಕಾರ್ಖಾನೆಯಿಲ್ಲ, ಲಾರಿಯಿಲ್ಲ, ಗಾಳಿ ಚೆನ್ನಾಗಿದೆ ಎಂದು ಮನೆಯನ್ನೂ ಅಲ್ಲೇ ಮಾಡಿದ್ದಳು. ಸೈಕಲ್ಲಿನಲ್ಲಿ ಏರು ಹತ್ತಿ ಹತ್ತಿ ಗಟ್ಟಿಮುಟ್ಟಾಗಿದ್ದ ಹೆಂಗಸು. "ನೀನು ಆ ಶೆಡ್ಡಲ್ಲಿ ಕೂತು ಎದೆಗೂಡಿಗೆ ಬಣ್ಣ ಹೊಡೆಸ್ಕೊಳ್ತಿದೀಯ ಕಣೇ" ಎಂದು ತಂಗಿಯನ್ನು ಹಂಗಿಸದೆ ಬಿಟ್ಟ ದಿನವಿಲ್ಲ.

ಆದರೆ ಉಸಿರು ಕಟ್ಟಿದ್ದು ಅಕ್ಕನಿಗೆ. ಒಂದು ಬೇಸಿಗೆ, ಎಲೆ ಅಲುಗದ ಬಿಸಿಲಿನ ಮಧ್ಯಾಹ್ನ, ಏರಿನ ಅರ್ಧಕ್ಕೆ ಸೈಕಲ್ಲು ನಿಲ್ಲಿಸಿ ಯಾರದೋ ಮನೆಯ ಮೆಟ್ಟಿಲ ಮೇಲೆ ಕುಸಿದು ಕೂತಳು. ಎದೆ ಹಿಂಡುತ್ತಿತ್ತು, ಗಂಟಲು ಕೆರೆಯುತ್ತಿತ್ತು. ಮರುದಿನ ಬೆಳಿಗ್ಗೆ ಡಾಕ್ಟರು ಕೊಳವೆ ಊದಿಸಿ ಉಸಿರು ಅಳೆದು ನೋಡಿದರೆ ಎಲ್ಲ ಸರಿ. ಮೂರು ದಿನ ಬಿಟ್ಟು ಮಧ್ಯಾಹ್ನ ಮತ್ತೆ ಅದೇ ಕಥೆ. "ವಯಸ್ಸಾಯ್ತು ಅನ್ಸತ್ತೆ" ಎಂದು ಅಕ್ಕ ಫೋನಿನಲ್ಲಿ ಅಂದಳು. ಅಕ್ಕನ ಬಾಯಿಂದ ಆ ಮಾತು ಹಿಂದೆಂದೂ ಬಂದದ್ದೇ ಇಲ್ಲ. ತಂಗಿ ಒಂದು ದಿನ ರಜೆ ಹಾಕಿ ಅಕ್ಕನ ಜೊತೆ ಹೊರಟಳು.

ಅಕ್ಕನ ದಾರಿಯಲ್ಲಿ ಒಂದು ಶಾಲೆ. ಅದರ ಅಂಗಳದ ಮೂಲೆಯಲ್ಲಿ ಗಾಳಿಯ ಕೊಳೆ ಅಳೆಯುವ ಸಣ್ಣ ಕೋಣೆ. ಅದನ್ನು ನೋಡಿಕೊಳ್ಳುವ ಹೆಂಗಸು ಅಕ್ಕನಿಗೆ ಪರಿಚಯ. ದಿನಾ ಕಾಗದ ಕೊಡುವ ನೆಪದಲ್ಲಿ ನಾಲ್ಕು ಮಾತು. ಅಕ್ಕ ಎದೆ ಹಿಡಿದುಕೊಂಡದ್ದನ್ನು ಕೇಳಿ ಅವಳು ಒಂದು ಪರದೆ ತೋರಿಸಿದಳು.

"ಬೆಳಿಗ್ಗೆ ಎಂಟಕ್ಕೆ ನೋಡಿ, ಗೆರೆ ನೆಲ ಕಚ್ಚಿದೆ. ಹನ್ನೊಂದಕ್ಕೆ ಏಳೋಕೆ ಶುರು. ಮೂರು ಗಂಟೆಗೆ ಇಲ್ಲಿ, ನೆತ್ತಿ ಮೇಲೆ. ಇದು ಓಝೋನ್. ಆಕಾಶದಲ್ಲಿ ಮೇಲೆ ಇದ್ರೆ ನಮಗೆ ಕೊಡೆ, ಕೆಳಗೆ ಮೂಗಿನ ಮಟ್ಟಕ್ಕೆ ಬಂದ್ರೆ ವಿಷ. ನೀವು ಉಸಿರು ಕಟ್ಟಿ ಕೂತ ಎರಡೂ ದಿನ ಗೆರೆ ಇಷ್ಟೇ ಎತ್ತರ ಇತ್ತು."

"ಇಲ್ಲಿ ಒಂದು ಚಿಮಣಿಯೂ ಇಲ್ವಲ್ಲ," ತಂಗಿ ಕೇಳಿದಳು. "ಯಾರು ಬಿಡ್ತಾರೆ ಇದನ್ನ?"

"ಯಾರೂ ಬಿಡಲ್ಲ. ಇದು ದಾರಿಯಲ್ಲಿ ಬೇಯತ್ತೆ. ಒಲೆ ಅಂದ್ರೆ ಬಿಸಿಲು. ಒಂದು ಸಾಮಾನು ವಾಹನದ ಹೊಗೆ. ಇನ್ನೊಂದು ಆವಿ. ಪೆಟ್ರೋಲು, ಬಣ್ಣ, ಅಂಟು, ಥಿನ್ನರ್, ಬಾಯಿ ತೆರೆದಿಟ್ಟ ಇಂಥದ್ದೆಲ್ಲದರ ಆವಿ. ಬೆಳಿಗ್ಗೆ ಪೇಟೆಯಿಂದ ಹೊರಟದ್ದು ಗಾಳಿ ಜೊತೆ ಬೇಯ್ತಾ ಬೇಯ್ತಾ ಮಧ್ಯಾಹ್ನ ಇಲ್ಲಿಗೆ ಬರತ್ತೆ. ಪೇಟೆ ರಸ್ತೆಯಲ್ಲಿ ಹೊಸ ಹೊಗೆಯೇ ಓಝೋನನ್ನ ಅಷ್ಟಿಷ್ಟು ತಿಂದು ಹಾಕತ್ತೆ. ಹಾಗಾಗಿ ಎಷ್ಟೋ ದಿನ ಅಲ್ಲಿಗಿಂತ ಇಲ್ಲೇ ಜಾಸ್ತಿ."

ತಂಗಿ ತನ್ನ ಎರಡೂ ಕೈಗಳನ್ನು ಸೆರಗಿನೊಳಗೆ ಸರಿಸಿಕೊಂಡಳು. ಎಷ್ಟು ತೊಳೆದರೂ ಉಗುರಿನ ಸಂದಿಯಲ್ಲಿ ಆ ವಾಸನೆ ಇದ್ದೇ ಇರುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಇಪ್ಪತ್ತೆರಡು ವರ್ಷ ತಾನು ತಟ್ಟೆ ತೆರೆದಿಟ್ಟದ್ದಕ್ಕೆ ಬರೆ ಬಿದ್ದದ್ದು ಅಕ್ಕನ ಎದೆಗೆ. ಅಕ್ಕ ಅವಳ ಮುಖ ನೋಡಿ, "ಊರಲ್ಲಿರೋ ಥಿನ್ನರೆಲ್ಲ ನಿಂದೇ ಏನೇ? ಅಷ್ಟೊಂದು ದೊಡ್ಡಸ್ತಿಕೆ ಬೇಡ" ಅಂದಳು. ತಂಗಿ ನಕ್ಕಳು, ಆದರೂ ಗಾಳಿ ಅಳೆಯುವವಳ ಮಾತು ಒಳಗೆ ಉಳಿಯಿತು.

ಮರುದಿನ ಒಂಬತ್ತಕ್ಕೆ ಅವಳು ಪಾರ್ಸೆಲ್ ತೂಗುವ ತಕ್ಕಡಿಯನ್ನು ಶೆಡ್ಡಿನ ನಡುವೆ ತಂದಿಟ್ಟಳು. ಎರಡು ತಟ್ಟೆ, ಎರಡರಲ್ಲೂ ಸರಿಯಾಗಿ ಒಂದೊಂದು ಕಿಲೋ ಥಿನ್ನರ್. ಒಂದಕ್ಕೆ ಬಿಗಿಯಾಗಿ ತಗಡು ಮುಚ್ಚಿದಳು, ಒಂದನ್ನು ತೆರೆದೇ ಬಿಟ್ಟಳು. ಊಟದ ಹೊತ್ತಿಗೆ ಎಲ್ಲರನ್ನೂ ಕರೆದು ತೂಗಿದಳು. ಮುಚ್ಚಿದ್ದು ಒಂದು ಕಿಲೋ ಹಾಗೇ ಇತ್ತು. ತೆರೆದದ್ದರಲ್ಲಿ ಮುನ್ನೂರು ಗ್ರಾಂ ಕಡಿಮೆ. ಯಾರೂ ಅದರಲ್ಲಿ ಒಂದು ಬಟ್ಟೆಯನ್ನೂ ಅದ್ದಿರಲಿಲ್ಲ.

"ಗಾಳಿಗೆ ಹೋಯ್ತು, ಬಿಡು," ಮೇಸ್ತ್ರಿ ಅಂದ.

"ಗಾಳಿ ಎಲ್ಲಿಗೆ ಹೋಯ್ತು?"

"ಅದರ ವಿಳಾಸ ನನಗೇನು ಗೊತ್ತು?"

"ನನಗೆ ಗೊತ್ತು. ಗುಡ್ಡದ ಮೇಲೆ ನಮ್ಮಕ್ಕನ ಮನೆಗೆ."

ಮೇಸ್ತ್ರಿ ಕಥೆ ಪೂರ್ತಿ ಕೇಳಿಸಿಕೊಂಡ. ಆಮೇಲೆ, "ನಮ್ಮೊಂದು ತಟ್ಟೆ ಮುಚ್ಚಿದ್ರೆ ಊರು ಉದ್ಧಾರ ಆಗತ್ತಾ?" ಅಂದ. "ಆಗಲ್ಲ," ಎಂದು ಅವಳು ಒಪ್ಪಿಕೊಂಡಳು. "ಆದ್ರೆ ತೆರೆದಿಡೋದರಿಂದ ನಿಮಗೇನು ಸಿಗತ್ತೆ, ಹೇಳಿ." ಮೇಸ್ತ್ರಿ ಇನ್ನೊಂದು ತಗಡು ತಂದು ತೆರೆದ ತಟ್ಟೆಗೆ ಮುಚ್ಚಿದ.

ಅವತ್ತಿನಿಂದ ಪ್ರತಿ ಡಬ್ಬಿ, ಪ್ರತಿ ತಟ್ಟೆಗೆ ಮುಚ್ಚಳ ಬಂತು. ಒದ್ದೆ ಬಟ್ಟೆ ಮೂಲೆಯಲ್ಲಿ ಗುಡ್ಡೆ ಬೀಳುವುದು ನಿಂತು, ಕಾಲಲ್ಲಿ ಮೆಟ್ಟಿದರೆ ತೆರೆದು ತಾನೇ ಮುಚ್ಚಿಕೊಳ್ಳುವ ತಗಡಿನ ಡಬ್ಬ ಸೇರಿತು. ಯಾರಾದರೂ ಮರೆತರೆ ಅವಳು ಶೆಡ್ಡಿನ ಆ ತುದಿಯಿಂದ "ಮುಚ್ಚಳ" ಅನ್ನುವಳು, ಅಷ್ಟೇ. ವಾರದೊಳಗೆ ಹೆಸರು ಬಿತ್ತು: ಮುಚ್ಚಳಕ್ಕ. ಅವಳು ಬೇಜಾರು ಮಾಡಿಕೊಳ್ಳಲಿಲ್ಲ. ಹಿಂದೆ "ಏಯ್" ಎಂದು ಕರೆಯುತ್ತಿದ್ದರು, ಅದಕ್ಕಿಂತ ಇದು ವಾಸಿ.

ಮುಂದಿನ ಹೆಜ್ಜೆಯಲ್ಲಿ ಎಡವಿದಳು. ನಿಧಾನವಾಗಿ ಆರುವ, ಎಣ್ಣೆಯಂಥ ತೊಳೆಯುವ ದ್ರಾವಣವೊಂದು ಸಿಗುತ್ತದೆ, ಅದು ಅಷ್ಟಾಗಿ ಆವಿಯಾಗುವುದಿಲ್ಲ ಎಂದು ಗಾಳಿ ಅಳೆಯುವವಳು ಹೇಳಿದ್ದಳು. ಮುದ್ರಣಾಲಯದ ಯಜಮಾನಿಯ ಒಪ್ಪಿಗೆ ಪಡೆದು ಒಂದು ಡಬ್ಬಿ ತರಿಸಿದಳು. ಮೊದಲ ದಿನವೇ ರೋಲರಿನಲ್ಲಿ ಉಳಿದ ಜಿಡ್ಡಿಗೆ ಔಷಧದ ಪೆಟ್ಟಿಗೆಗಳ ಮೇಲೆ ಬಿಳಿ ಗೆರೆ ಮೂಡಿ, ಬೆಳಗಿನ ಅಚ್ಚೆಲ್ಲ ರದ್ದಿಗೆ ಹೋಯಿತು. ಮೇಸ್ತ್ರಿ ಒಂದು ಪೆಟ್ಟಿಗೆ ಎತ್ತಿ ಹಿಡಿದು, "ಈ ಔಷಧಿ ತಗೊಂಡ್ರೆ ರೋಗಿಗೂ ಗೆರೆ ಬೀಳತ್ತೆ" ಅಂದ. ಶೆಡ್ಡೆಲ್ಲ ನಕ್ಕಿತು. ಅವಳ ಮುಖ ಕೆಂಪಗಾಯಿತು, ಆದರೆ ಅಳುವ ಜಾಯಮಾನ ಅವಳದಲ್ಲ. ಯಜಮಾನಿಯ ಮುಂದೆ ಹೋಗಿ, "ಎರಡು ವಾರ ಕೊಡಿ. ದ್ರಾವಣದ್ದು ತಪ್ಪಲ್ಲ, ನಾನು ಹಳೆ ಕೈಯಲ್ಲಿ ಹೊಸದನ್ನ ತೊಳೆದೆ" ಅಂದಳು.

ಯಜಮಾನಿ ಕನ್ನಡಕದ ಮೇಲಿಂದ ನೋಡಿದಳು. "ಎರಡು ವಾರ. ಔಷಧದ ಪೆಟ್ಟಿಗೆ ಬೇಡ. ಸೋಪಿನದರ ಮೇಲೆ ಕಲಿ."

ಕಲಿತಳು. ಧಾರಾಳವಾಗಿ ಸುರಿಯುವ ಬದಲು ಪಿಚಕಾರಿಯಿಂದ ಅಳೆದು ಚಿಮ್ಮಿಸುವುದು, ರೋಲರನ್ನು ಮೂರು ನಿಮಿಷ ತಿರುಗಲು ಬಿಡುವುದು, ಮೊದಲು ಒಣ ಬಟ್ಟೆ, ಕೊನೆಗೆ ನೀರಲ್ಲಿ ಹಿಂಡಿದ ಬಟ್ಟೆ. ಮೊದಲಿಗಿಂತ ಆರು ನಿಮಿಷ ಹೆಚ್ಚು ಬೇಕಾಯಿತು. ಹನ್ನೊಂದನೆಯ ದಿನ ಮೇಸ್ತ್ರಿ ಹಾಳೆಯನ್ನು ದೀಪಕ್ಕೆ ಹಿಡಿದು, ತಿರುಗಿಸಿ, ಮತ್ತೆ ತಿರುಗಿಸಿ, ಏನೂ ಹೇಳದೆ ಕೆಳಗಿಟ್ಟ. ಅವನು ಸುಮ್ಮನಾದನೆಂದರೆ ಕೆಲಸ ಗೆದ್ದ ಹಾಗೆ.

ಅದೇ ಸಾಲಿನಲ್ಲಿ ಕುರ್ಚಿ-ಮೇಜಿಗೆ ಪಾಲಿಶ್ ಹೊಡೆಯುವವನ ಶೆಡ್ಡು, ಅದರಾಚೆ ಬೂಟಿಗೆ ಅಂಟು ಹಚ್ಚುವವರದು. ತಕ್ಕಡಿ ಹೊತ್ತುಕೊಂಡು ಅಲ್ಲಿಗೂ ಹೋದಳು. ಪಾಲಿಶಿನವನು ಮೂಗು ಮುರಿದ. ತನ್ನ ಡಬ್ಬಿಯನ್ನು ತಾನೇ ತೂಗಿ ನೋಡಿದ ಮೇಲೆ ತಣ್ಣಗಾದ. ಬಿಸಿಲು ಜೋರು, ಗಾಳಿ ಸತ್ತ ದಿನಗಳ ಹಿಂದಿನ ಸಂಜೆ ಗಾಳಿ ಅಳೆಯುವವಳಿಂದ ಅವಳಿಗೆ ಒಂದು ಸಂದೇಶ ಬರುತ್ತಿತ್ತು. ಅಂಥ ದಿನ ಪಾಲಿಶ್ ಕೆಲಸ ಹೊತ್ತು ಇಳಿದ ಮೇಲೆ. ಒಂದು ತಿಂಗಳಾದ ಮೇಲೆ ಅವನೇ, "ಮುಚ್ಚಳಕ್ಕಾ, ನನ್ನ ತಲೆನೋವಿನ ಮಾತ್ರೆ ಹಾಗೇ ಉಳಿದಿದೆ ಕಣಕ್ಕಾ" ಅಂದ.

ಗುಡ್ಡದ ಮೇಲಿನ ಗೆರೆ ಇಳಿಯಿತೇ ಎಂದು ಒಮ್ಮೆ ಅವಳು ಕೇಳಿಯೇ ಬಿಟ್ಟಳು. ಗಾಳಿ ಅಳೆಯುವವಳು ಸುಳ್ಳು ಹೇಳಲಿಲ್ಲ. "ಇಲ್ಲ. ಇಡೀ ಊರಿನ ಮುಂದೆ ನಿಮ್ಮ ಸಾಲು ಒಂದು ಚಿಟಿಕೆ. ಇಂಥ ಸಾಲು ಇನ್ನೂರು ಇವೆ. ವಾಹನದ ಹೊಗೆ ಬೇರೆ."

"ಇನ್ನೂರೇನಾ?" ಅಂದಳು ಮುಚ್ಚಳಕ್ಕ. ಸಾವಿರ ಇರಬಹುದೆಂದುಕೊಂಡಿದ್ದಳು.

ಅಕ್ಕ ಈಗ ಏರಿನ ಬೀದಿಗಳ ಕಾಗದವನ್ನು ಬೆಳಿಗ್ಗೆಯೇ ಹಂಚಿ ಮುಗಿಸುತ್ತಾಳೆ, ಮಧ್ಯಾಹ್ನ ಅಂಚೆ ಕಚೇರಿಯ ಒಳಗೆ ಕೂತು ವಿಂಗಡಿಸುತ್ತಾಳೆ. ಆ ಬೇಸಿಗೆಯ ನಂತರ ಮೆಟ್ಟಿಲ ಮೇಲೆ ಕೂತದ್ದು ಒಂದೇ ಸಲ. ವಯಸ್ಸಿನ ಮಾತು ಮತ್ತೆ ಎತ್ತಿಲ್ಲ.

ವರ್ಷ ತಿರುಗುವುದರೊಳಗೆ ನಾಲ್ಕು ಸಾಲಿನ ಶೆಡ್ಡುಗಳು ಸೇರಿದವು. ಶನಿವಾರ ಅರ್ಧ ದಿನ ಯಜಮಾನಿ ಅವಳನ್ನು ಈ ಕೆಲಸಕ್ಕೇ ಬಿಡುತ್ತಾಳೆ. ಹೋದ ಶನಿವಾರ ಕಾರುಗಳಿಗೆ ಬಣ್ಣ ಹೊಡೆಯುವ ಒಂದು ದೊಡ್ಡ ಜಾಗದಲ್ಲಿ ಮಾಲೀಕ ಅವಳನ್ನು ಮೇಲಿಂದ ಕೆಳಗೆ ನೋಡಿ, "ನೀವು ಎಲ್ಲಿ ಓದಿದ್ದು ಇದನ್ನೆಲ್ಲ?" ಎಂದು ಕೇಳಿದ.

"ಓದಿಲ್ಲ, ತೂಗಿದೀನಿ," ಅಂದಳು ಅವಳು. "ನಿಮ್ಮ ಹತ್ತಿರ ಎರಡು ತಟ್ಟೆ ಇದೆಯಾ?"